ವಯಸ್ಸು, ವಂಶ ಮತ್ತು ಫ್ಲೂ ಲಸಿಕೆ
ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ 1957ರಲ್ಲೇ ಏಷ್ಯನ್ ಫ್ಲೂ ಜಗತ್ತನ್ನೆಲ್ಲ ಸುತ್ತಿತು. ಮಂಗನ ಕಾಯಿಲೆ ಮಲೆನಾಡಿನ ನೆನಪಿನಲ್ಲಿ ಉಳಿಯಿತು; ಏಷ್ಯನ್ ಫ್ಲೂ ಲಸಿಕೆಯ ಚರಿತ್ರೆಯನ್ನು ತಿರುಗಿಸಿತು. ಸತ್ತವರಲ್ಲಿ ವೃದ್ಧರೇ ಹೆಚ್ಚಾಗಿದ್ದುದರಿಂದ ಅಮೆರಿಕವು 1960ರಲ್ಲಿ, 65 ದಾಟಿದವರು ಪ್ರತಿವರ್ಷ ಲಸಿಕೆ ಪಡೆಯಬೇಕೆಂದು ಶಿಫಾರಸು ಮಾಡಿತು. ಆದರೆ ಅಮೆರಿಕದ ವಿಜ್ಞಾನಿಗಳಾದ ಥಾಮಸ್ ಫ್ರಾನ್ಸಿಸ್ ಮತ್ತು ಜೋನಾಸ್ ಸಾಲ್ಕ್ ಫ್ಲೂ ಲಸಿಕೆಯನ್ನು 1943ರಲ್ಲಿ ಒರೆಗೆ ಹಚ್ಚಿದ್ದು ಸೈನ್ಯಕ್ಕೆ ಸೇರಿದ ತರುಣರ ಮೇಲೆ; ತರುಣರಲ್ಲಿ ಫಲಿಸಿದ್ದು ವೃದ್ಧರಲ್ಲೂ ಫಲಿಸೀತೆಂಬ ನಂಬಿಕೆ ದಶಕಗಳ ಕಾಲ ಗಟ್ಟಿ ಪರೀಕ್ಷೆಯಿಲ್ಲದೆ ನಡೆದುಬಂತು. (ಮಲೆನಾಡಿನಲ್ಲಿ 1990ರಿಂದ ಕೊಟ್ಟ ಮಂಗನ ಕಾಯಿಲೆಯ ಲಸಿಕೆಯ ಅಭಿಯಾನವಂತೂ 65 ದಾಟಿದವರನ್ನು ಹೊರಗೇ ಇಟ್ಟಿತ್ತು.)

ಆ ನಂಬಿಕೆ ಪೂರ್ತಿ ನಿಜವಾಗಿರಲಿಲ್ಲ. ರೋಗಾಣುಗಳನ್ನು ಗುರುತಿಸುವ ಬಿಳಿ ರಕ್ತಕಣಗಳಾದ ಟಿ ಕೋಶಗಳನ್ನು ಹೊಸದಾಗಿ ತಯಾರಿಸುವ, ಎದೆಯೊಳಗಿನ ಥೈಮಸ್ ಗ್ರಂಥಿ ಹರೆಯದಿಂದಲೇ ಕುಗ್ಗುತ್ತಾ ಬರುತ್ತದೆ. ಇಳಿವಯಸ್ಸಿನಲ್ಲಿ ಹಳೆಯ ಸೋಂಕುಗಳ ನೆನಪು ಹೊತ್ತ ಕೋಶಗಳೇ ತುಂಬಿಕೊಂಡು, ಬದಲಾದ ವೈರಸ್ಸನ್ನು ಗುರುತಿಸಿ ಬಿ ಕೋಶಗಳನ್ನು ಪ್ರತಿಕಾಯಗಳ (ವೈರಸ್ಸನ್ನು ತಡೆಯುವ ಪ್ರೋಟೀನುಗಳ) ತಯಾರಿಕೆಗೆ ಪ್ರೇರೇಪಿಸುವ ಹೊಸ ಕೋಶಗಳು ವಿರಳವಾಗುತ್ತವೆ. ತರುಣರಲ್ಲಿ ಶೇ. 70ರಿಂದ 90ರಷ್ಟಿದ್ದ ರಕ್ಷಣೆ ವೃದ್ಧರಲ್ಲಿ ಶೇ. 17ರಿಂದ 53ಕ್ಕೆ ಇಳಿಯುತ್ತದೆಂದು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2006ರ ಒಂದು ಸಮೀಕ್ಷೆ ಅಂದಾಜಿಸಿತು. ಪ್ರತಿ ವೈರಸ್ ತಳಿಗೆ 15 ಮೈಕ್ರೊಗ್ರಾಂ ಬದಲು 60 ಮೈಕ್ರೊಗ್ರಾಂ ಪ್ರತಿಜನಕ (ದೇಹದ ರಕ್ಷಣೆಯನ್ನು ಎಚ್ಚರಿಸುವ ವೈರಸ್ಸಿನ ಅಂಶ) ಇರುವ ಲಸಿಕೆಗೆ ಅಮೆರಿಕ 2009ರಲ್ಲಿ ಅನುಮತಿ ಕೊಟ್ಟಿತು. ಸುಮಾರು 32,000 ಹಿರಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದು ಸಾಮಾನ್ಯ ಲಸಿಕೆಗಿಂತ ಶೇ. 24ರಷ್ಟು ಹೆಚ್ಚು ಫ್ಲೂ ತಡೆಯಿತು.

ವಂಶಮೂಲದ ಪ್ರಶ್ನೆ ಎದ್ದದ್ದು ತಡವಾಗಿ. ಅಮೆರಿಕದ ಐದು ವರ್ಷಗಳ ಅಧ್ಯಯನವೊಂದರಲ್ಲಿ, ಲಸಿಕೆಯಲ್ಲಿನ ಎಚ್1ಎನ್1 ಎಂಬ ಫ್ಲೂ ವೈರಸ್ಸಿನ ಅಂಶಕ್ಕೆ ಆಫ್ರಿಕನ್ ಮೂಲದವರು ಐರೋಪ್ಯ ಮೂಲದವರಿಗಿಂತ ಹೆಚ್ಚು ಪ್ರತಿಕಾಯ ತೋರಿದರು. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಮಾತು: ಆ ಅಂತರವೆಲ್ಲ 35ರಿಂದ 45 ವರ್ಷದವರಿಂದ ಬಂದದ್ದು, 65 ದಾಟಿದವರಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಅವಳಿಗಳನ್ನು ಪರೀಕ್ಷಿಸಿದ 2015ರ ಅಧ್ಯಯನವೂ ಫ್ಲೂ ಲಸಿಕೆಗೆ ದೇಹ ಕೊಡುವ ಉತ್ತರದಲ್ಲಿ ಆನುವಂಶಿಕತೆಯ ಪಾಲನ್ನು ಕಾಣಲಿಲ್ಲ. ಹಿಂದಿನ ಸೋಂಕು, ಹಿಂದಿನ ಲಸಿಕೆ, ಬದುಕಿದ ಪರಿಸರ ಇವೇ ಹೆಚ್ಚು ತೂಗುತ್ತವೆ.

ಆದ್ದರಿಂದಲೇ ತೀರ್ಥಹಳ್ಳಿ, ಹೊಸನಗರದ ಹಿರಿಯರಿಗೆ ಅಮೆರಿಕದ ಅಂಕಿಗಳನ್ನೂ ಅಲ್ಲಿನ ಪಂಚಾಂಗವನ್ನೂ ಹಾಗೆಯೇ ಹೊಂದಿಸುವುದು ಸರಿಯಲ್ಲ. ಅಲ್ಲಿ ಫ್ಲೂ ಚಳಿಗಾಲದ ರೋಗ. ನಮ್ಮಲ್ಲಿ ಮಳೆಗಾಲದಲ್ಲೂ ಏರುತ್ತದೆ. ಪ್ರತಿಕಾಯ ಮೂಡಲು ಎರಡು ವಾರ ಬೇಕು, ಮೂಡಿದ್ದು ಕೆಲವೇ ತಿಂಗಳಲ್ಲಿ ಇಳಿಯತೊಡಗುತ್ತದೆ. ಅಲ್ಲಿನಂತೆ ಅಕ್ಟೋಬರಿನಲ್ಲಿ ಹಾಕಿಸಿಕೊಂಡ ಲಸಿಕೆಯ ಬಲ ಆಷಾಢದ ಮಳೆಯ ಹೊತ್ತಿಗೆ ಬಹುಪಾಲು ಕುಂದಿರುತ್ತದೆ. ಇಲ್ಲಿನ ವೃದ್ಧರಿಗೆ ಮೇ ತಿಂಗಳಲ್ಲೇ, ಆ ವರ್ಷದ ಹೊಸ ಲಸಿಕೆ ಸಿಗುವಂತಾಗಬೇಕು.