ಬಿಸಿಲಿಗೆ ಮೂರು ದಿನದ ದಾರಿ

ಜನವರಿಯಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿಯ ಬಯೋನ್ ಬಂದರಿನಿಂದ ಕೆರಿಬಿಯನ್ ಕಡೆಗೆ ಹೊರಡುವ ಕ್ರೂಸ್ (ಮೋಜಿನ ಸುತ್ತಾಟದ) ಹಡಗಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಜಾಕೆಟ್‌ಗಳು. ಪೆಟ್ಟಿಗೆಯೊಳಗೆ ಚಡ್ಡಿ, ಹ್ಯಾಟು, ಸನ್‌ಸ್ಕ್ರೀನ್. ಮೈಮೇಲೆ ಮಾತ್ರ ಉಣ್ಣೆ. ಮೇಲಿನ ಡೆಕ್‌ನಲ್ಲಿ ಈಜುಕೊಳ ಇದೆ, ಆದರೆ ಹತ್ತಿರ ಯಾರೂ ಸುಳಿಯುವುದಿಲ್ಲ. ಅಲ್ಲಿ ಕಾಲು ಇಳಿಬಿಟ್ಟು ಕೂರಲು ಇನ್ನೂ ಎರಡು ದಿನ ಕಾಯಬೇಕು.

ಫ್ಲೋರಿಡಾದಲ್ಲಿ ಈ ತಾಪತ್ರಯವೇ ಇಲ್ಲ. ಮಯಾಮಿಯಲ್ಲಿ ಸಂಜೆ ಹೊರಟ ಹಡಗು ಬೆಳಗಾಗುವಷ್ಟರಲ್ಲಿ ಬಹಾಮಾಸ್‌ನ ನಸ್ಸೌ ಸೇರಿರುತ್ತದೆ. ನ್ಯೂಯಾರ್ಕ್‌ನಿಂದ ಪೋರ್ಟೊರಿಕೊದ ಸ್ಯಾನ್ ಹುವಾನ್‌ಗೆ ಸುಮಾರು 1,400 ನಾಟಿಕಲ್ ಮೈಲಿ. 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೂ 70 ಗಂಟೆ. ಹೋಗೋಕೆ ಮೂರು ದಿನ, ಬರೋಕೆ ಮೂರು ದಿನ. ಒಂದು ವಾರದ ರಜೆ ಹಾಕಿದವರಿಗೆ ದ್ವೀಪ ನೋಡಲು ಉಳಿಯುವುದು ಒಂದೇ ದಿನ! ಅದಕ್ಕೇ ಉತ್ತರದ ಬಂದರುಗಳಿಂದ 7 ರಾತ್ರಿಯ ಟಿಕೆಟ್ ತೆಗೆದುಕೊಂಡರೆ ಸಾಮಾನ್ಯವಾಗಿ ಫ್ಲೋರಿಡಾ, ಬಹಾಮಾಸ್ ಮುಟ್ಟಿ ವಾಪಸ್. ಸೇಂಟ್ ಥಾಮಸ್, ಸೇಂಟ್ ಮಾರ್ಟನ್ ದ್ವೀಪಗಳನ್ನು ನೋಡಬೇಕಾದರೆ 10, 11 ರಾತ್ರಿ. ಬಾರ್ಬಡೋಸ್‌ವರೆಗೆ ಹೋಗಬೇಕಾದರೆ 12 ಅಥವಾ 14.

ಚಳಿಗಾಲದ ಈ ಉದ್ದನೆಯ ಕ್ರೂಸ್‌ಗಳು ಹೊಸ ಫ್ಯಾಶನ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನೂರಿಪ್ಪತ್ತು ವರ್ಷಕ್ಕೂ ಜಾಸ್ತಿ ಹಳೆಯ ಕಥೆ ಇದು. ಅಷ್ಟು ವರ್ಷದಲ್ಲಿ ಸಮುದ್ರದ ದೂರ ಒಂದು ಮೈಲಿಯೂ ಕಡಿಮೆಯಾಗಿಲ್ಲ. ಆ ಮೂರು ತಣ್ಣನೆಯ ದಿನಗಳನ್ನು ಜನ ಯಾಕೆ ಸಹಿಸಿಕೊಂಡರು ಅನ್ನುವುದಕ್ಕೆ ಮಾತ್ರ ಒಂದೊಂದು ಕಾಲದಲ್ಲಿ ಒಂದೊಂದು ಕಾರಣ.

ಶುರುವಾಗಿದ್ದು ಖಾಲಿ ಹಡಗುಗಳಿಂದ. ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲ ಅಂದರೆ ಬಿರುಗಾಳಿ. ಯುರೋಪ್ ಮತ್ತು ಅಮೆರಿಕದ ನಡುವೆ ಓಡುವ ಹಡಗುಗಳಿಗೆ ಆಗ ಜನ ಸಿಗುತ್ತಿರಲಿಲ್ಲ. ಹ್ಯಾಂಬರ್ಗ್‌ನ ಹಡಗು ಕಂಪನಿಯ ಆಲ್ಬರ್ಟ್ ಬಾಲಿನ್ 1891ರ ಜನವರಿಯಲ್ಲಿ ಒಂದು ದೊಡ್ಡ ಹಡಗನ್ನು ಸುಮ್ನೆ ನಿಲ್ಲಿಸುವ ಬದಲು ಮೆಡಿಟರೇನಿಯನ್ ಸುತ್ತಾಟಕ್ಕೆ ಕಳಿಸಿದ. ಲಾಭ ಬಂತು. ಆಮೇಲೆ ಸುತ್ತಾಟಕ್ಕೆಂದೇ ಒಂದು ಹಡಗು ಕಟ್ಟಿಸಿದ. ಅದೇ 'ಪ್ರಿಂಜೆಸಿನ್ ವಿಕ್ಟೋರಿಯಾ ಲೂಯಿಸ್'. 1901ರಿಂದ ಅದು ಚಳಿಗಾಲದಲ್ಲಿ ನ್ಯೂಯಾರ್ಕ್‌ನಿಂದ ವೆಸ್ಟ್ ಇಂಡೀಸ್‌ಗೆ ಹೋಗಿಬರತೊಡಗಿತು. ಅದರ ಕೊನೆ ಮಾತ್ರ ಕೆಟ್ಟದಾಯಿತು. 1906ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಹೊರಟಿದ್ದ ಹಡಗು ಜಮೈಕಾದ ಕಿಂಗ್‌ಸ್ಟನ್ ಹತ್ತಿರ ಬಂಡೆಗೆ ಏರಿ ಕೂತಿತು. ಪ್ರಯಾಣಿಕರೆಲ್ಲ ಉಳಿದರು. ಕ್ಯಾಪ್ಟನ್ ತನ್ನ ಕ್ಯಾಬಿನ್‌ಗೆ ಹೋಗಿ ಗುಂಡು ಹಾರಿಸಿಕೊಂಡ.

ಅದೇ ಕಾಲಕ್ಕೆ ಬಾಳೆಹಣ್ಣಿನ ಹಡಗುಗಳೂ ಇದ್ದವು. ಯುನೈಟೆಡ್ ಫ್ರೂಟ್ ಕಂಪನಿ ಜಮೈಕಾ ಮತ್ತು ಮಧ್ಯ ಅಮೆರಿಕದಿಂದ ಬಾಳೆಗೊನೆ ತುಂಬಿಕೊಂಡು ನ್ಯೂಯಾರ್ಕ್, ಬಾಸ್ಟನ್‌ಗೆ ತರುತ್ತಿತ್ತು. ಬಿಸಿಲಿಗೆ ಹಣ್ಣು ಬೇಗ ಕಳಿಯಬಾರದು ಅಂತ ಹಡಗಿಗೆ ಬಿಳಿ ಬಣ್ಣ. ದಕ್ಷಿಣಕ್ಕೆ ಹೋಗುವಾಗ ಖಾಲಿ ಹೋಗುವುದೇಕೆ ಅಂತ ಪ್ರಯಾಣಿಕರನ್ನೂ ಹತ್ತಿಸಿಕೊಂಡರು. ಚಳಿಗಾಲದಲ್ಲಿ ಬಾಳೆಗೊನೆಗಳ ಜೊತೆ ಎರಡು ಮೂರು ವಾರ ತಿರುಗಿ ಬರುವುದು ಅನುಕೂಲಸ್ಥರ ಶೋಕಿಯಾಯಿತು.

ನಿಜವಾದ ನೂಕುನುಗ್ಗಲು ತಂದಿದ್ದು ಮಾತ್ರ ಒಂದು ಕಾನೂನು. 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು, 1933ರವರೆಗೂ ಇತ್ತು. ಬ್ರಿಟಿಷ್ ಹಡಗೊಂದು ಅಮೆರಿಕದ ನೀರು ದಾಟಿದ ಕೂಡಲೇ ಬಾರ್ ಬಾಗಿಲು ತೆರೆಯುತ್ತಿತ್ತು. ಬರ್ಮುಡಾ, ನಸ್ಸೌ, ಹವಾನಾ ಅಂತ ಊರಿನ ಹೆಸರು ಟಿಕೆಟ್ ಮೇಲೆ ಇರುತ್ತಿತ್ತು ನಿಜ, ಆದರೆ ಎಷ್ಟೋ ಜನಕ್ಕೆ ಊರು ನೆಪ. ಇಲ್ಲಿ ಸಮುದ್ರದ ಮೇಲಿನ ದಿನಗಳೇ ಬೇಕಾದ ಸರಕು. ದಾರಿ ಉದ್ದವಾದಷ್ಟೂ ಒಳ್ಳೆಯದೇ, ಅಲ್ವಾ?

ಹಡಗು ಕಂಪನಿಗಳಿಗೂ ಈ ಗಿರಾಕಿಗಳು ಬೇಕಿತ್ತು. 1924ರಲ್ಲಿ ಅಮೆರಿಕ ವಲಸೆಗೆ ಬಿಗಿಯಾದ ಮಿತಿ ಹಾಕಿದ್ದರಿಂದ ಕೆಳದರ್ಜೆಯ ಟಿಕೆಟ್ ಕೊಳ್ಳುವವರು ಕರಗಿಹೋಗಿದ್ದರು. 1929ರ ನಂತರ ಆರ್ಥಿಕ ಕುಸಿತದಲ್ಲಿ ಮೇಲುದರ್ಜೆಯವರೂ ಕಮ್ಮಿಯಾದರು. 20 ವರ್ಷ ಅಟ್ಲಾಂಟಿಕ್‌ನ ಅತಿ ವೇಗದ ಹಡಗು ಅನಿಸಿಕೊಂಡಿದ್ದ 'ಮಾರಿಟೇನಿಯಾ' ಕೊನೆಗಾಲದಲ್ಲಿ ಮೈಗೆ ಬಿಳಿ ಬಣ್ಣ ಬಳಿಸಿಕೊಂಡು ನ್ಯೂಯಾರ್ಕ್‌ನಿಂದ ಕೆರಿಬಿಯನ್‌ಗೆ ಟ್ರಿಪ್ ಹೊಡೆಯಿತು. ಓಟದ ಕುದುರೆಗೆ ಜಟಕಾ ಕಟ್ಟಿದ ಹಾಗೆ. 1935ರಲ್ಲಿ ಗುಜರಿಗೆ ಹೋಯಿತು. ಚಳಿ ನೀರಿಗೆ ಕಟ್ಟಿದ ಅಂಥ ಹಡಗುಗಳು ಬಿಸಿಲಲ್ಲಿ ಒಳಗೆಲ್ಲ ಬೇಯುತ್ತಿದ್ದವು, ಏಸಿ ಇರಲಿಲ್ಲ. ತಳ ಆಳವಾಗಿದ್ದರಿಂದ ಸಣ್ಣ ದ್ವೀಪಗಳ ಕಟ್ಟೆಗೆ ಹೋಗಲಾಗದೆ ದೂರ ನಿಂತು ದೋಣಿಯಲ್ಲಿ ಜನರನ್ನು ಇಳಿಸಬೇಕಿತ್ತು.

1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮೇಲೆ ಪ್ರಯಾಣಿಕರ ಜೆಟ್ ವಿಮಾನಗಳು ಓಡಾಟ ಶುರುಮಾಡಿದವು. ಐದು ದಿನದ ಸಮುದ್ರ ಏಳೆಂಟು ಗಂಟೆಗೆ ಇಳಿಯಿತು. ಹತ್ತೇ ವರ್ಷದಲ್ಲಿ ದೊಡ್ಡ ಲೈನರ್‌ಗಳು ಒಂದೊಂದಾಗಿ ನಿಂತವು. ಈ ಗಡಿಬಿಡಿಯ ನಡುವೆ ನ್ಯೂಯಾರ್ಕ್‌ನಲ್ಲಿ ಒಂದು ಜಾಣ ಹಡಗು ಬಂತು, ಹೋಮ್ ಲೈನ್ಸ್‌ನ 'ಓಷಿಯಾನಿಕ್'. 1965ರಿಂದ ಅದು ನ್ಯೂಯಾರ್ಕ್–ನಸ್ಸೌ ನಡುವೆ 7 ದಿನದ ಕ್ರೂಸ್ ನಡೆಸಿತು. ಅದರ ಈಜುಕೊಳದ ಮೇಲೆ ಗಾಜಿನ ಚಾವಣಿ. ಚಳಿಯಲ್ಲಿ ಮುಚ್ಚು, ದಕ್ಷಿಣಕ್ಕೆ ಬಂದ ಮೇಲೆ ಸರಿಸು. ಉತ್ತರದ ಬಂದರಿನ ತೊಂದರೆಯನ್ನು ಹಡಗಿನ ವಿನ್ಯಾಸದಲ್ಲೇ ಪರಿಹರಿಸಲು ಹೊರಟಿದ್ದು ಇದೇ. ಇವತ್ತು ಬಯೋನ್, ಬ್ರೂಕ್ಲಿನ್‌ನಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಕಾಣುವ ಮುಚ್ಚಿದ ಪೂಲ್‌ಗಳು ಅದರ ಮೊಮ್ಮಕ್ಕಳು.

ಆದರೆ ಅದೇ ಜೆಟ್ ವಿಮಾನ ಇನ್ನೊಂದು ಕೆಲಸವನ್ನೂ ಮಾಡಿತು. ನ್ಯೂಯಾರ್ಕಿನವರನ್ನು ಮೂರು ಗಂಟೆಯಲ್ಲಿ ಮಯಾಮಿಗೆ ತಂದು ಇಳಿಸಿತು. 1966ರ ಡಿಸೆಂಬರ್‌ನಲ್ಲಿ ಹಡಗು ಉದ್ಯಮಿಗಳಾದ ಕ್ನೂಟ್ ಕ್ಲೋಸ್ಟರ್ ಮತ್ತು ಟೆಡ್ ಅರಿಸನ್ ಮಯಾಮಿಯಿಂದ 'ಸನ್‌ವರ್ಡ್' ಹಡಗು ಹೊರಡಿಸಿದರು. 1970ರಲ್ಲಿ ರಾಯಲ್ ಕೆರಿಬಿಯನ್ ಕ್ರೂಸ್ ಕಂಪನಿ ಬಂತು, 1972ರಲ್ಲಿ ಕಾರ್ನಿವಲ್. ವಿಮಾನದ ಟಿಕೆಟ್ ಸೇರಿಸಿಯೇ ಕ್ರೂಸ್ ಮಾರುವ ಪದ್ಧತಿ ಗಟ್ಟಿಯಾಯಿತು. 1973ರ ತೈಲ ಬಿಕ್ಕಟ್ಟಿನ ಮೇಲಂತೂ ಚಳಿ ಸಮುದ್ರದಲ್ಲಿ ಮೂರು ದಿನ ಎಣ್ಣೆ ಸುಡುವುದು ದಂಡ ಅನಿಸಿತು. ಫ್ರಾನ್ಸ್ ದೇಶದ ಹೆಮ್ಮೆಯ ಲೈನರ್ 'ಫ್ರಾನ್ಸ್' 1974ರಲ್ಲಿ ನಿಂತುಹೋಯಿತು. ಕ್ಲೋಸ್ಟರ್ ಅದನ್ನು ಕೊಂಡು, ನಾಲ್ಕು ಪ್ರೊಪೆಲ್ಲರ್‌ಗಳಲ್ಲಿ ಎರಡನ್ನು ಬಿಚ್ಚಿಸಿ, 'ನಾರ್ವೆ' ಅಂತ ಹೆಸರಿಟ್ಟು 1980ರಲ್ಲಿ ಮಯಾಮಿಗೆ ತಂದ. ಅಲ್ಲಿ ವೇಗಕ್ಕೆ ಏನು ಕೆಲಸ? ದ್ವೀಪ ಪಕ್ಕದಲ್ಲೇ ಇದೆ. ಮುಂದೆ ಎರಡು ದಶಕ ಚಳಿಗಾಲ ಅಂದರೆ ಫ್ಲೋರಿಡಾ. ನ್ಯೂಯಾರ್ಕ್‌ನ ಹಡಗುಕಟ್ಟೆಗಳಿಗೆ ಬೇಸಿಗೆಯ ಬರ್ಮುಡಾ ಟ್ರಿಪ್‌ಗಳೇ ಆಸರೆ.

2001ರ ಸೆಪ್ಟೆಂಬರ್ 11ರ ನಂತರ ವಿಮಾನ ಹತ್ತಲು ಜನ ಹೆದರಿದರು. ಹೆದರದವರಿಗೂ ಏರ್‌ಪೋರ್ಟಿನ ಕ್ಯೂ, ತಪಾಸಣೆ ಸಾಕಾಗಿತ್ತು. ಜನ ಹಡಗಿನ ಹತ್ತಿರ ಬರದಿದ್ದರೆ ಹಡಗೇ ಜನರ ಹತ್ತಿರ ಹೋಗಬೇಕು. ನಾರ್ವೇಜಿಯನ್ ಕ್ರೂಸ್ ಲೈನ್ 2003ರಲ್ಲಿ 'ನಾರ್ವೇಜಿಯನ್ ಡಾನ್' ಹಡಗನ್ನು ವರ್ಷಪೂರ್ತಿ ಓಡಿಸಲು ನ್ಯೂಯಾರ್ಕ್‌ಗೆ ತಂದಿತು. 2004ರಲ್ಲಿ ಬಯೋನ್‌ನ ಹಳೆಯ ಮಿಲಿಟರಿ ಬಂದರು ಕೇಪ್ ಲಿಬರ್ಟಿ ಎಂಬ ಕ್ರೂಸ್ ಬಂದರಾಯಿತು. 2006ರಲ್ಲಿ ಬ್ರೂಕ್ಲಿನ್‌ನ ರೆಡ್ ಹುಕ್‌ನಲ್ಲಿ ಇನ್ನೊಂದು ಟರ್ಮಿನಲ್ ತೆರೆಯಿತು. ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೂಡ ಜೊತೆಗೆ ಸೇರಿತು. ಮನೆ ಮುಂದೆ ಕಾರು ಹತ್ತಿದರೆ ಬಂದರಲ್ಲಿ ಇಳಿದರಾಯಿತು. ಪೆಟ್ಟಿಗೆಗೆ ತೂಕದ ಮಿತಿ ಇಲ್ಲ, ಮಂಡಿನೋವಿನ ಅಜ್ಜಿಗೆ ವೀಲ್‌ಚೇರ್ ಕೂಡ ಕಾರಲ್ಲೇ ಬರುತ್ತದೆ. ನಿವೃತ್ತರಿಗೆ ಇದು ಹೇಳಿ ಮಾಡಿಸಿದಂತಿತ್ತು. ಅವರಿಗೆ 12 ದಿನ ಒಂದು ಲೆಕ್ಕವೇ ಅಲ್ಲ. ಹಡಗು ಕಂಪನಿ ಮಾರುತ್ತಿದ್ದುದು ದ್ವೀಪಗಳನ್ನು, ಅವರು ಕೊಳ್ಳುತ್ತಿದ್ದುದು ಸಮುದ್ರದ ಮೇಲಿನ ಸೋಮಾರಿ ದಿನಗಳನ್ನು ಅಂತ ನನಗನಿಸುತ್ತದೆ.

ಸೋಮಾರಿ ದಿನ ಅಂದೆ. ಯಾವಾಗಲೂ ಹಾಗಿರುವುದಿಲ್ಲ. ನಾರ್ತ್ ಕ್ಯಾರೊಲಿನಾದ ಕೇಪ್ ಹ್ಯಾಟರಸ್ ಹತ್ತಿರ ದಕ್ಷಿಣದಿಂದ ಬರುವ ಬಿಸಿನೀರಿನ ಗಲ್ಫ್ ಸ್ಟ್ರೀಮ್ ಪ್ರವಾಹಕ್ಕೆ ಉತ್ತರದ ತಣ್ಣೀರು, ತಣ್ಣನೆಯ ಗಾಳಿ ಎದುರಾಗುತ್ತವೆ. ಪ್ರವಾಹ ಒಂದು ಕಡೆ, ಗಾಳಿ ಇನ್ನೊಂದು ಕಡೆ ಎಳೆದಾಗ ಅಲೆಗಳು ಒಂದರ ಹಿಂದೊಂದು ಒತ್ತಾಗಿ, ಗೋಡೆಯಂತೆ ನೆಟ್ಟಗೆ ಏಳುತ್ತವೆ. ಹಳೆಯ ನಾವಿಕರು ಆ ಕಡಲಿಗೆ ಅಟ್ಲಾಂಟಿಕ್‌ನ ಸ್ಮಶಾನ ಅಂತಲೇ ಹೆಸರಿಟ್ಟಿದ್ದಾರೆ. ಉತ್ತರದ ಬಂದರಿನಿಂದ ಕೆರಿಬಿಯನ್‌ಗೆ ಹೋಗುವವರು ಅದರ ಆಸುಪಾಸಿನಲ್ಲೇ ಹಾಯಬೇಕು.

2005ರ ಏಪ್ರಿಲ್‌ನಲ್ಲಿ ಬಹಾಮಾಸ್‌ನಿಂದ ವಾಪಸ್ ಬರುತ್ತಿದ್ದ 'ನಾರ್ವೇಜಿಯನ್ ಡಾನ್'ಗೆ ಸುಮಾರು 70 ಅಡಿಯ ಅಲೆ ಬಡಿಯಿತು. ಹಡಗಿನ ಮೇಲ್ಮಟ್ಟದ ಕ್ಯಾಬಿನ್‌ಗಳ ಕಿಟಕಿ ಒಡೆದು 60ಕ್ಕೂ ಹೆಚ್ಚು ಕೋಣೆಗಳಿಗೆ ನೀರು ನುಗ್ಗಿತು. 2016ರದ್ದು ಇನ್ನೂ ದೊಡ್ಡ ಸುದ್ದಿ. ಆ ವರ್ಷ ಫೆಬ್ರವರಿ 6ರಂದು 'ಆಂಥೆಮ್ ಆಫ್ ದಿ ಸೀಸ್' ಬಯೋನ್‌ನಿಂದ ಬಹಾಮಾಸ್‌ಗೆ 7 ರಾತ್ರಿಯ ಟ್ರಿಪ್ ಹೊರಟಿತ್ತು. ಹಡಗಿನಲ್ಲಿ 4,500 ಪ್ರಯಾಣಿಕರು, 1,600 ಸಿಬ್ಬಂದಿ. ಮರುದಿನ ಹ್ಯಾಟರಸ್ ಹತ್ತಿರ ಚಂಡಮಾರುತದಷ್ಟು ಜೋರಿನ ಗಾಳಿಗೆ ಸಿಕ್ಕಿಕೊಂಡಿತು. ಕ್ಯಾಬಿನ್ ಬಿಟ್ಟು ಹೊರಗೆ ಬರಬೇಡಿ ಅಂತ ಎಲ್ಲರಿಗೂ ಸೂಚನೆ ಬಂತು. ಹಾಸಿಗೆ ಹಿಡಿದುಕೊಂಡು ಕೂತವರ ಕಣ್ಣೆದುರು ಕುರ್ಚಿಗಳು ಅಡ್ಡಾದಿಡ್ಡಿ ಓಡಾಡಿದವು. ಪುಣ್ಯಕ್ಕೆ ದೊಡ್ಡ ಗಾಯ ಯಾರಿಗೂ ಆಗಲಿಲ್ಲ. ಹಡಗು ಬಹಾಮಾಸ್ ಮುಟ್ಟದೆ ಹಿಂತಿರುಗಿ 10ರಂದು ಬಯೋನ್ ಸೇರಿತು. ಕಂಪನಿ ಪೂರ್ತಿ ಹಣ ವಾಪಸ್ ಕೊಟ್ಟಿತು. ಬಿರುಗಾಳಿಯ ಮುನ್ಸೂಚನೆ ಮೊದಲೇ ಇತ್ತಲ್ಲ, ಹೊರಟಿದ್ದೇಕೆ ಅನ್ನುವ ಪ್ರಶ್ನೆ ಬಹಳ ದಿನ ಕಾಡಿತು. ನನ್ನ ಮಟ್ಟಿಗೆ ಆ ಪ್ರಶ್ನೆಗೆ ಅರ್ಧ ಉತ್ತರ ವೇಳಾಪಟ್ಟಿಯಲ್ಲೇ ಇದೆ. 7 ರಾತ್ರಿಯಲ್ಲಿ ಹೋಗಿ ಬರುವ ಹಡಗಿಗೆ ಕೈಯಲ್ಲಿ ಉಳಿತಾಯದ ದಿನವೇ ಇರುವುದಿಲ್ಲ. 12 ರಾತ್ರಿ ಇದ್ದರೆ ಒಂದು ದ್ವೀಪ ಬಿಟ್ಟು ಬಿರುಗಾಳಿ ದಾಟುವವರೆಗೆ ಕಾಯಬಹುದು.

ವೇಳಾಪಟ್ಟಿಯನ್ನು ಹಿಂಡುವ ಇನ್ನೊಬ್ಬರಿದ್ದಾರೆ, ತಿಮಿಂಗಿಲಗಳು. ಅಳಿವಿನಂಚಿನಲ್ಲಿರುವ ರೈಟ್ ವೇಲ್‌ಗಳು ಚಳಿಗಾಲದಲ್ಲಿ ಇದೇ ಕರಾವಳಿಯಲ್ಲಿ ಓಡಾಡುತ್ತವೆ. ಹಡಗು ಬಡಿದು ಸಾಯುತ್ತಿದ್ದವು. 2008ರ ಕೊನೆಯಲ್ಲಿ ಬಂದ ನಿಯಮದಂತೆ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ನ್ಯೂಯಾರ್ಕ್, ಬಾಲ್ಟಿಮೋರ್‌ಗೆ ಕಡಲಿನಿಂದ ಒಳಬರುವ ಕೊಲ್ಲಿ ಬಾಯಿಗಳ ಹತ್ತಿರ 20 ನಾಟಿಕಲ್ ಮೈಲಿಯವರೆಗೆ ದೊಡ್ಡ ಹಡಗುಗಳು 10 ನಾಟ್ ಮೀರುವಂತಿಲ್ಲ. ಅಂದರೆ ಉದ್ದನೆಯ ಕ್ರೂಸ್‌ಗಳ ಸೀಸನ್ ಪೂರ್ತಿ.

ಎಣ್ಣೆಯ ಕಥೆಯೂ ಇದೆ. ಅಮೆರಿಕ ಮತ್ತು ಕೆನಡಾ ತೀರದಿಂದ 200 ನಾಟಿಕಲ್ ಮೈಲಿಯೊಳಗೆ 2015ರಿಂದ ಶೇ. 0.1ಕ್ಕಿಂತ ಹೆಚ್ಚು ಗಂಧಕ ಇರುವ ಎಣ್ಣೆ ಸುಡುವಂತಿಲ್ಲ. ಇಲ್ಲವೇ ಹೊಗೆ ತೊಳೆಯುವ ಯಂತ್ರ ಕೂರಿಸಬೇಕು. ಶುದ್ಧ ಎಣ್ಣೆ ದುಬಾರಿ. ತೀರದ ಉದ್ದಕ್ಕೂ ಇಳಿಯುವ ಉತ್ತರದ ಹಡಗಿಗೆ ಈ ಬಿಲ್ಲು ಜಾಸ್ತಿ. ಮೇಲೆ 1886ರ ಹಳೇ ಕಾನೂನು ಬೇರೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು, ಅಮೆರಿಕದ ಇನ್ನೊಂದು ಊರು ತೋರಿಸಿ, ಹೊರಟಲ್ಲಿಗೇ ಬರಬೇಕಾದರೆ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. ನ್ಯೂಯಾರ್ಕ್‌ನಿಂದ ಫ್ಲೋರಿಡಾ ನೋಡಲು ಹೋಗುವ ಹಡಗುಗಳ ಪಟ್ಟಿಯಲ್ಲಿ ನಸ್ಸೌ ಅಥವಾ ಬಹಾಮಾಸ್‌ನ ಇನ್ನೊಂದು ಬಂದರು ಕಾಣುವುದರ ಗುಟ್ಟು ಇದು.

ಇಷ್ಟೆಲ್ಲ ಇದ್ದೂ ಉತ್ತರದಲ್ಲಿ ಹಡಗುಗಳು ಕಮ್ಮಿಯಾಗಿಲ್ಲ. 2023ರ ಏಪ್ರಿಲ್‌ನಿಂದ 'ಎಂಎಸ್‌ಸಿ ಮೆರಾವಿಲ್ಯಾ' ವರ್ಷಪೂರ್ತಿ ಓಡಾಡಲು ಬ್ರೂಕ್ಲಿನ್‌ಗೆ ಬಂತು. ಬಾಲ್ಟಿಮೋರ್‌ನಲ್ಲಿ 2024ರ ಮಾರ್ಚ್ 26ರಂದು 'ಡಾಲಿ' ಎಂಬ ಸರಕು ಹಡಗು ಬಡಿದು ಕೀ ಸೇತುವೆ ಕುಸಿಯಿತು, ಬಂದರಿಗೆ ಹೋಗುವ ದಾರಿ ಮುಚ್ಚಿತು. ಸೇತುವೆ ಮೇಲಿದ್ದ ಆರು ಕೆಲಸಗಾರರು ಸತ್ತರು. 'ಡಾಲಿ'ಯ ನಾವಿಕರಲ್ಲಿ ಬಹುಪಾಲು ಭಾರತೀಯರೇ ಆದ್ದರಿಂದ ನಮ್ಮಲ್ಲೂ ಆ ಸುದ್ದಿ ದೊಡ್ಡದಾಯಿತು. ಆಗ ಸಮುದ್ರದಲ್ಲಿದ್ದ 'ಕಾರ್ನಿವಲ್ ಲೆಜೆಂಡ್' ವರ್ಜೀನಿಯಾದ ನಾರ್ಫಕ್‌ಗೆ ಬಂದು, ಜನರನ್ನು ಬಸ್ಸಿನಲ್ಲಿ ಬಾಲ್ಟಿಮೋರ್‌ಗೆ ಕಳಿಸಬೇಕಾಯಿತು. ಮೇ 25ಕ್ಕೆ ಬಾಲ್ಟಿಮೋರ್‌ನಿಂದ ಕ್ರೂಸ್‌ಗಳು ಮತ್ತೆ ಶುರುವಾದವು, ಎರಡೇ ತಿಂಗಳಲ್ಲಿ.

ಎಡಿಸನ್, ಜರ್ಸಿ ಸಿಟಿ ಕಡೆಯ ಕನ್ನಡಿಗರಿಗೆ ಬಯೋನ್ ಒಂದು ಗಂಟೆಯೊಳಗಿನ ದಾರಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಇನ್ನೊಂದು ವಿಮಾನ ಹತ್ತಿಸುವ ಗೋಜಿಲ್ಲ. ಒಂದು ಸಿಕ್ಕು ಮಾತ್ರ ಎಷ್ಟೋ ಜನಕ್ಕೆ ಟಿಕೆಟ್ ತೆಗೆದ ಮೇಲೆ ಗೊತ್ತಾಗುತ್ತದೆ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದಿದ್ದರೂ ಐ-94 (ಅಮೆರಿಕದಲ್ಲಿ ಎಷ್ಟು ದಿನ ಇರಬಹುದು ಅನ್ನುವ ದಾಖಲೆ) ಸರಿಯಿದ್ದವರು ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರಲು ಒಂದು ರಿಯಾಯಿತಿ ಇದೆ. ಕೆರಿಬಿಯನ್ ದ್ವೀಪಗಳಿಗೆ ಆ ರಿಯಾಯಿತಿ ಇರುವುದು ಓದಲು ಬಂದ ಎಫ್ ಮತ್ತು ವಿನಿಮಯ ಕಾರ್ಯಕ್ರಮದ ಜೆ ವೀಸಾದವರಿಗೆ ಮಾತ್ರ. ಕೆಲಸದ ಎಚ್-1ಬಿ ವೀಸಾದವರಿಗೆ ಇಲ್ಲ. ನ್ಯೂಜೆರ್ಸಿಯಲ್ಲಿ ಓದುತ್ತಿರುವ ತಮ್ಮನಾದರೆ ಹಳೇ ಸ್ಟಾಂಪಿನಲ್ಲೇ ಹೋಗಿ ಬರಬಹುದು. ಅಲ್ಲೇ ಹತ್ತು ವರ್ಷದಿಂದ ಕೆಲಸದಲ್ಲಿರುವ ಅಣ್ಣ ಮೊದಲು ಚೆನ್ನೈಗೆ ಹೋಗಿ ಸ್ಟಾಂಪಿಂಗ್ ಮಾಡಿಸಿಕೊಂಡು ಬರಬೇಕು.

ಬಾಲ್ಟಿಮೋರ್‌ನಿಂದ ಹೊರಟವರಿಗೆ ಇನ್ನೂ ಒಂದು ಹಂತ ಜಾಸ್ತಿ. ಸಂಜೆ ಹೊರಟರೆ ತೆರೆದ ಸಮುದ್ರಕ್ಕೆ ಬೀಳಲು ಚೆಸಪೀಕ್ ಕೊಲ್ಲಿಯೊಳಗೆ ಸುಮಾರು 150 ಮೈಲಿ ಸಾಗಬೇಕು. ವಾಪಸ್ ಬರುವಾಗಲೂ ಅಷ್ಟೇ. ಕೊನೆಯ ರಾತ್ರಿ ಕ್ಯಾಬಿನ್ ಬಾಗಿಲ ಹೊರಗೆ ಪೆಟ್ಟಿಗೆ ಇಟ್ಟು ಮಲಗುತ್ತಾರೆ. ಜಾಕೆಟ್ಟನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ ಅಂತ ಒಮ್ಮೆ ಹೋಗಿಬಂದವರು ಹೊಸಬರಿಗೆ ಹೇಳುತ್ತಾರೆ. ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಕಾರಿನ ಮೇಲಿನ ಹಿಮ ಕೆರೆಯುವಾಗ ಅದು ಬೇಕಾಗುತ್ತದೆ.