ಊಟ ಸಪ್ಪೆಯಾಗದ ಹಾಗೆ ಉಪ್ಪು ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಬಿಪಿ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಎರಡು ದಿನ ಅರ್ಧಕ್ಕರ್ಧ ಹಾಕಿದೆ. ಸಾರು ಸಪ್ಪೆ ಅಂತ ಎಲ್ಲರೂ ಮುಖ ಸಿಂಡರಿಸಿದರು. ಈಗ ಮತ್ತೆ ಮೊದಲಿನಂತೆಯೇ ಹಾಕುತ್ತಿದ್ದೇನೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಒಂದೇ ಏಟಿಗೆ ಅರ್ಧ ಇಳಿಸಿದರೆ ಯಾವ ನಾಲಿಗೆಯೂ ಸುಮ್ಮನಿರುವುದಿಲ್ಲ. ಗೊತ್ತಾಗದಷ್ಟು ಇಳಿಸಬೇಕು, ಅದು ರೂಢಿಯಾದ ಮೇಲೆ ಇನ್ನಷ್ಟು.

ಆಸ್ಟ್ರೇಲಿಯಾದಲ್ಲಿ ಬ್ರೆಡ್ಡಿನ ಉಪ್ಪನ್ನು ಹೀಗೆ ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸಿ, ಆರು ವಾರದಲ್ಲಿ ಕಾಲು ಭಾಗ ಕಡಿಮೆ ಮಾಡಿ ನೋಡಿದರು. ತಿಂದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬ್ರಿಟನ್ನಿನಲ್ಲಿ ಇಡೀ ದೇಶಕ್ಕೇ ಇದನ್ನು ಮಾಡಿದರು. ಕಾರ್ಖಾನೆಯ ತಿಂಡಿಗಳಲ್ಲಿ ವರ್ಷದಿಂದ ವರ್ಷಕ್ಕೆ ಉಪ್ಪು ಇಳಿಸುತ್ತಾ ಬಂದರು. 2003ರಲ್ಲಿ ಅಲ್ಲಿ ಒಬ್ಬರು ದಿನಕ್ಕೆ ತಿನ್ನುತ್ತಿದ್ದ ಉಪ್ಪು ಸರಾಸರಿ 9.5 ಗ್ರಾಂ. 2011ಕ್ಕೆ ಅದು 8.1 ಗ್ರಾಂ ಆಯಿತು. ನಮ್ಮಲ್ಲಿ ಉಪ್ಪು ಜಾಸ್ತಿ ಬೀಳುವುದು ಮನೆಯ ಒಲೆಯ ಮುಂದೆ. ಹಾಗಾಗಿ ಇಲ್ಲಿ ಕಾರ್ಖಾನೆ, ಸರ್ಕಾರ ಎಲ್ಲ ನೀವೇ!

ತೊಂದರೆ ಏನೆಂದರೆ ನಾವು ಹಾಕುವುದು ಕೈ ಅಂದಾಜಿನಲ್ಲಿ. ಎಷ್ಟು ಹಾಕುತ್ತಿದ್ದೇವೆ ಅಂತ ಗೊತ್ತಿಲ್ಲದೆ ಸ್ವಲ್ಪವೇ ಇಳಿಸುವುದು ಹೇಗೆ, ಅಲ್ವಾ? ಅದಕ್ಕೆ ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಆ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ಒಂದು ಕೆಜಿ ಉಪ್ಪು 50 ದಿನವಾದರೂ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8 ಗ್ರಾಂ ದಾಟಿತು ಅಂತಲೇ. ಅಂಗಡಿ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಬೇರೆ.

ತಿಂಗಳಿಗೆ ಒಂದು ಕೆಜಿ ಅಂದರೆ ವಾರಕ್ಕೆ ಸುಮಾರು 230 ಗ್ರಾಂ. ಭಾನುವಾರ ಅಷ್ಟನ್ನು ತೂಗಿ ಒಂದು ಪುಟ್ಟ ಡಬ್ಬಿಗೆ ಹಾಕಿಡಿ. ಇಡೀ ವಾರದ ಅಡುಗೆ ಅದರಿಂದಲೇ ನಡೆಯಲಿ. ಒಳಗೊಂದು ಚಿಕ್ಕ ಚಮಚ ಇರಲಿ, ಕೈ ಹಾಕುವುದು ಬೇಡ. ಮುಂದಿನ ಭಾನುವಾರ 220 ಗ್ರಾಂ, ಆಮೇಲೆ 210. ತಕ್ಕಡಿ ಇಲ್ಲದಿದ್ದರೆ ಮಟ್ಟಸವಾಗಿ ಎರಡು ಟೀ ಚಮಚ ತೆಗೆದಿಟ್ಟರೆ ಹತ್ತಿರ ಹತ್ತಿರ 10 ಗ್ರಾಂ. ಶುಕ್ರವಾರಕ್ಕೇ ಡಬ್ಬಿ ತಳ ಕಂಡರೆ ಕೈ ಎಲ್ಲೋ ಜೋರಾಗಿದೆ ಅಂತ ಗೊತ್ತಾಗುತ್ತದೆ. ಯಾರಾದರೂ ಸಪ್ಪೆ ಅಂದರೆ ಅದೇ ಅಳತೆಯಲ್ಲಿ ಇನ್ನೊಂದು ವಾರ ನಿಲ್ಲಿ, ಹಿಂದಕ್ಕೆ ಹೋಗಬೇಡಿ. ಹೀಗೆ ಹೋದರೆ ಒಂಬತ್ತು ವಾರಕ್ಕೆ 140 ಗ್ರಾಂ, ಅಂದರೆ ತಲೆಗೆ ದಿನಕ್ಕೆ 5 ಗ್ರಾಂ.

ಮನೆಯಲ್ಲಿ ಡಂಗುರ ಸಾರಬೇಡಿ. ಉಪ್ಪು ಕಡಿಮೆ ಮಾಡಿದ್ದೇನೆ ಅಂದ ತಕ್ಷಣ ಸರಿಯಿದ್ದ ಸಾರೂ ಸಪ್ಪೆಯಾಗುತ್ತದೆ.

ಎಲ್ಲದರಲ್ಲೂ ಸಮನಾಗಿ ಇಳಿಸಬೇಕು ಅಂತೇನಿಲ್ಲ. ಚಪಾತಿ ಹಿಟ್ಟಿಗೆ ಉಪ್ಪೇ ಬೇಡ, ಪಲ್ಯದಲ್ಲಿ ಇರುತ್ತದಲ್ಲ. ಮಜ್ಜಿಗೆಗೆ ಉಪ್ಪಿನ ಬದಲು ಇಂಗು, ಶುಂಠಿ, ಕರಿಬೇವು ಸಾಕು. ಸಾರು ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿದರೆ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ. ತಿಳಿಸಾರಿನಲ್ಲಿ ಮಾತ್ರ ನಿಧಾನವಾಗಿ ಇಳಿಸಿ, ಎಲ್ಲರೂ ಮೊದಲು ಕಂಡುಹಿಡಿಯುವುದು ಅಲ್ಲೇ.

ಪಿಂಕ್ ಸಾಲ್ಟ್, ಕಲ್ಲುಪ್ಪು ತಂದರೆ ಬಿಪಿಗೆ ಒಳ್ಳೆಯದು ಅನ್ನುವವರಿದ್ದಾರೆ. ಅದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ, ಅಂದರೆ ಮಾಮೂಲಿ ಉಪ್ಪೇ. ಮೇಲಾಗಿ ಎಷ್ಟೋ ಸಲ ಅದಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. ಲೋ ಸೋಡಿಯಂ ಉಪ್ಪಿನ ಕಥೆ ಬೇರೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ ತರಬಹುದು. ಯಜಮಾನರ ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸಿ ಕೇಳಿಯೇ ಅದನ್ನು ತನ್ನಿ.