ಮಸಿ ತೆಗೆಯುವ ಮುನ್ನ ಮಸಿಯನ್ನು ಓದುವುದು

ಮನೆಯ ಕಲ್ಲಿದ್ದಲಿನ ಒಲೆಯ ಚಿಮಣಿಯಿಂದ ಮಸಿ ತೆಗೆಯುವ ಪಾಠವನ್ನು ಮೈಸೂರಿನಲ್ಲಿ ಕುಳಿತು ಓದುವವರಿಗೆ ಮೊದಲ ತೊಡಕು ಆ ಒಲೆಯೇ ಕಣ್ಣಿಗೆ ಬೀಳದಿರುವುದು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಮನೆ ಬೆಚ್ಚಗಿಡಲು ಅದನ್ನು ದಿನವಿಡೀ ಉರಿಸಬೇಕಾದಷ್ಟು ಚಳಿಯೂ ನಮ್ಮಲ್ಲಿಲ್ಲ. ಹಾಗಾಗಿ ನಾನು ಈ ಪಾಠವನ್ನು ಅಜ್ಜಿಯ ಮನೆಯ ಬಚ್ಚಲಿನಲ್ಲಿರುವ ತಾಮ್ರದ ಬಾಯ್ಲರಿನ ಮುಂದೆ ಕುಳಿತು ಅರ್ಥ ಮಾಡಿಕೊಂಡೆ. ನಡುವೆ ಕೊಳವೆ, ಅದರ ಸುತ್ತ ನೀರು, ಕೆಳಗೆ ಸೌದೆ ಅಥವಾ ಇದ್ದಿಲು, ಮೇಲೆ ಹೆಂಚಿನ ಮಾಡನ್ನು ದಾಟಿ ಹೋಗುವ ತಗಡಿನ ಚಿಮಣಿ. ಹೊಗೆ ಮೇಲೇರುವ ತತ್ತ್ವ ಎರಡರಲ್ಲಿಯೂ ಒಂದೇ.

ಹೊಗೆಯನ್ನು ಮೇಲೆತ್ತುವುದು ಸಾಂದ್ರತೆಯ ವ್ಯತ್ಯಾಸ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಘನ ಮೀಟರಿಗೆ ಸುಮಾರು 1.2 ಕಿಲೋಗ್ರಾಂ ತೂಗಿದರೆ, 200 ಡಿಗ್ರಿಗೆ ಕಾದ ಗಾಳಿ ಸುಮಾರು 0.75 ಕಿಲೋಗ್ರಾಂ ಮಾತ್ರ ತೂಗುತ್ತದೆ. ಮೂರು ಮೀಟರ್ ಎತ್ತರದ ಚಿಮಣಿಯಲ್ಲಿ ಇದರಿಂದ ಹುಟ್ಟುವ ಸೆಳೆತ 13 ಪಾಸ್ಕಲ್, ಅಂದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತರದ ನೀರಿನ ಒತ್ತಡ. ಇಷ್ಟು ದುರ್ಬಲವಾದ ಬಲಕ್ಕೆ ಸಣ್ಣ ಅಡ್ಡಿಯೂ ದೊಡ್ಡದೇ. ಹತ್ತು ಸೆಂಟಿಮೀಟರ್ ಒಳವ್ಯಾಸದ ಕೊಳವೆಗೆ ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ದಾರಿಯ ವಿಸ್ತೀರ್ಣದಲ್ಲಿ ನೂರಕ್ಕೆ 36 ಪಾಲು ಕಡಿಮೆಯಾಗುತ್ತದೆ. ಸೆಳೆತ ಕುಗ್ಗಿದರೆ ಗಾಳಿ ಸಾಲದೆ ಉರಿ ಮಂಕಾಗುತ್ತದೆ, ಮಂಕಾದ ಉರಿ ಇನ್ನಷ್ಟು ಮಸಿಯನ್ನು ಕಾರುತ್ತದೆ, ಆ ಮಸಿ ದಾರಿಯನ್ನು ಮತ್ತಷ್ಟು ಕಿರಿದಾಗಿಸುತ್ತದೆ. ಪರೀಕ್ಷೆಗೆ ಬರೆಯುವಾಗ ಈ ಸುತ್ತನ್ನು ಬಿಟ್ಟು ಕೇವಲ ‘ಮಸಿ ಕೊಳೆ, ತೆಗೆಯಬೇಕು’ ಎಂದು ಬರೆದರೆ ಉತ್ತರ ಅರ್ಧಕ್ಕೆ ನಿಂತಂತೆ.

ಮಸಿಯ ರೂಪವೇ ಒಲೆಯ ದೋಷವನ್ನು ಹೇಳುತ್ತದೆ. ಬೆರಳಿಗೆ ಹತ್ತಿ ಉದುರುವ ಒಣ ಕಪ್ಪು ಪುಡಿ, ಗಾಳಿ ಸಾಲದ ಕಲ್ಲಿದ್ದಲಿನ ಉರಿಯದು. ಹೊಳೆಯುವ, ಅಂಟಂಟಾದ ಡಾಂಬರಿನಂಥ ಪದರ ಹಸಿ ಸೌದೆಯ ಗುರುತು. ಹೊಗೆಯಲ್ಲಿನ ಆವಿ ತಣ್ಣನೆಯ ತಗಡಿಗೆ ತಾಗಿ ಅಲ್ಲಿಯೇ ಕಟ್ಟಿಕೊಳ್ಳುತ್ತದೆ, ಮತ್ತು ಚಿಮಣಿಯೊಳಗೇ ಬೆಂಕಿ ಹತ್ತಿಕೊಳ್ಳುವ ಭಯವಿರುವುದು ಹೆಚ್ಚಾಗಿ ಇದರಿಂದ. ಇದ್ದಿಲಿನಿಂದ ಮಸಿ ಬಹಳ ಕಡಿಮೆ, ಏಕೆಂದರೆ ಸೌದೆಯನ್ನು ಇದ್ದಿಲು ಮಾಡುವಾಗಲೇ ಅದರ ಆವಿಯಾಗುವ ಅಂಶ ಹೊರಟುಹೋಗಿರುತ್ತದೆ. ಕಲ್ಲಿದ್ದಲಿನಲ್ಲಿ ಗಂಧಕವೂ ಇರುವುದರಿಂದ ಅದರ ಮಸಿಗೆ ತೇವ ತಾಗಿದರೆ ಆಮ್ಲವುಂಟಾಗಿ ತಗಡನ್ನು ತಿನ್ನುತ್ತದೆ. ಆದ್ದರಿಂದ ಒಲೆಯ ಬಳಕೆ ನಿಂತೊಡನೆ, ಮಳೆಗೆ ಮೊದಲೇ ಮಸಿ ತೆಗೆಯುವುದು ಸರಿ. ನಮ್ಮಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಯ ಹೊರಮೈಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜುತ್ತೇವೆ. ಕೊಳವೆಯೊಳಗೆ ಇಣುಕಿ ನೋಡುವವರು ಅಪರೂಪ.

ಕೆಲಸದ ಕ್ರಮಕ್ಕೆ ಬಂದರೆ, ಒಲೆ ಪೂರ್ತಿ ಆರಿ ಒಂದು ದಿನವಾದರೂ ಕಳೆದಿರಬೇಕು, ಬೂದಿಯನ್ನು ಮೊದಲೇ ತೆಗೆದಿರಬೇಕು, ಒಲೆಯ ಬಾಯಿಗೆ ಒದ್ದೆ ಗೋಣಿಚೀಲ ಕಟ್ಟಿರಬೇಕು. ಈ ಕೊನೆಯದನ್ನು ನಾನು ಮರೆತಿದ್ದೆ. ಮೇಲಿನಿಂದ ಬ್ರಷ್ ಇಳಿಸಿದ ಕೂಡಲೇ ಬಚ್ಚಲಿನಾಚೆ ಒಣಗಿಸಿದ್ದ ತಾತನ ಬಿಳಿ ಪಂಚೆಯವರೆಗೂ ಮಸಿ ಹಾರಿತು, ಅಜ್ಜಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಬ್ರಷ್ ಕೊಳವೆಯ ಒಳವ್ಯಾಸದಷ್ಟೇ ಅಗಲವಿದ್ದು, ಬಿದಿರಿನ ಗಳುವಿಗೆ ಬಿಗಿಯಾಗಿ ಕಟ್ಟಿರಬೇಕು. ನೇರ ಭಾಗ ಸುಲಭ. ಮಸಿ ಹೆಚ್ಚು ಕೂಡುವುದು ಎಲ್ಬೋದಲ್ಲಿ, ಅಂದರೆ ಕೊಳವೆ ಬಾಗುವ ತುಂಡಿನಲ್ಲಿ, ಏಕೆಂದರೆ ತಿರುವಿನಲ್ಲಿ ಹೊಗೆಯ ವೇಗ ಕುಗ್ಗಿ ಮೇಲಿನಿಂದ ಉದುರಿದ್ದೂ ಅಲ್ಲಿಯೇ ನಿಲ್ಲುತ್ತದೆ. ಅದನ್ನು ಬಿಚ್ಚಿಯೇ ತೆಗೆಯಬೇಕು. ನಮ್ಮ ಎಲ್ಬೋದೊಳಗೆ ಮಸಿಯ ಜೊತೆಗೆ ತೆಂಗಿನ ನಾರಿನ ಹಳೆಯ ಗೂಡೊಂದಿತ್ತು. ಉರಿಗೆ ಉಪ್ಪು ಎರಚಿದರೆ ಮಸಿ ಹೋಗುತ್ತದೆ ಎಂಬ ಮಾತನ್ನು ನೆಚ್ಚಿಕೊಂಡು ಬ್ರಷ್ ಬಿಡಬಾರದು. ಉಪ್ಪಿನ ಕ್ಲೋರೈಡ್ ಕಬ್ಬಿಣದ ತಗಡಿಗೆ ತುಕ್ಕನ್ನು ಬೇಗ ಹಿಡಿಸುತ್ತದೆ.

ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು. ಚಿಮಣಿ ಗುಡಿಸುವವರಲ್ಲಿ ಕಂಡುಬರುತ್ತಿದ್ದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದ. ಅದಕ್ಕಿಂತ ಹತ್ತಿರದ ಅಪಾಯ ಕಾರ್ಬನ್ ಮೊನಾಕ್ಸೈಡ್. ಬಣ್ಣ, ವಾಸನೆ ಎರಡೂ ಇಲ್ಲದ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮಸಿ ಕಟ್ಟಿದ ಚಿಮಣಿ ಅದನ್ನು ಮುಚ್ಚಿದ ಬಚ್ಚಲಿಗೇ ತಿರುಗಿಸುತ್ತದೆ.

ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ ಒಲೆಯಲ್ಲಿ ಒಂದು ಹಾಳೆಯನ್ನು ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿ, ಒಲೆಯ ಬಾಯಿಯ ಬಳಿ ಹೊತ್ತಿಸಿದ ಊದುಬತ್ತಿಯನ್ನು ಹಿಡಿಯಬೇಕು. ಅದರ ಹೊಗೆಯ ಎಳೆ ಒಳಕ್ಕೆ ಬಾಗದೆ ನೆಟ್ಟಗೆ ನಿಂತರೆ ಎಲ್ಬೋವನ್ನು ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ.